ಕಾಲೇಜು ಸೇರುವ ಮುನ್ನ ಒಂದು ಖಾತೆ



ಪಿಯುಸಿ ಫಲಿತಾಂಶ ಬಂದ ಮನೆಗಳಲ್ಲಿ ಈಗ ಓಡಾಟ ಶುರುವಾಗಿರುತ್ತದೆ. ಟಿಸಿ ತರಬೇಕು. ಅಂಕಪಟ್ಟಿಯ ಜೆರಾಕ್ಸ್ ಮಾಡಿಸಬೇಕು. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಡಬೇಕು. ಫೋಟೋ ತೆಗೆಸಬೇಕು. ಹಾಸ್ಟೆಲ್ ಸಿಗುತ್ತದೋ ಇಲ್ಲವೋ ವಿಚಾರಿಸಬೇಕು. ಈ ಪಟ್ಟಿಯಲ್ಲಿ ಬ್ಯಾಂಕ್ ಖಾತೆ ಎಲ್ಲೋ ಕೊನೆಯಲ್ಲಿರುತ್ತದೆ. ಎಷ್ಟೋ ಮನೆಗಳಲ್ಲಿ ಅದು ಪಟ್ಟಿಯಲ್ಲೇ ಇರುವುದಿಲ್ಲ. ಕಾಲೇಜಿಗೆ ಹೋದ ಮೇಲೆ ನೋಡಿಕೊಂಡರಾಯಿತು ಎಂದು ಬಿಟ್ಟಿರುತ್ತಾರೆ.

ಆ ಕೆಲಸವನ್ನು ಪಟ್ಟಿಯ ತಲೆಗೆ ತನ್ನಿ ಎಂದು ಕೇಳಿಕೊಳ್ಳಲು ಇವತ್ತು ನಿಮ್ಮ ಮುಂದೆ ಬಂದಿದ್ದೇನೆ. ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಕೆಲಸ ಮಾಡಿದವನು ನಾನು. ಕಾಲೇಜು ಶುರುವಾದ ಕೆಲವು ತಿಂಗಳಿಗೆ ಆ ಕೌಂಟರಿನ ಮುಂದೆ ಬಂದು ನಿಲ್ಲುವ ಮಕ್ಕಳನ್ನು ಬಹಳ ನೋಡಿದ್ದೇನೆ. ಗೆಳೆಯರಿಗೆಲ್ಲ ಸ್ಕಾಲರ್‌ಶಿಪ್ ಬಂದಿದೆ, ನನಗೆ ಮಾತ್ರ ಬಂದಿಲ್ಲ ಎನ್ನುತ್ತಾರೆ. ಅರ್ಜಿ ಸರಿಯಾಗಿರುತ್ತದೆ, ಮಂಜೂರೂ ಆಗಿರುತ್ತದೆ. ಹಣ ಬಂದು ಸೇರಬೇಕಾದ ಖಾತೆಯಲ್ಲೇ ಏನೋ ತೊಡಕು. ಒಂದು ದಿನ ಮೊದಲೇ ಗಮನ ಕೊಟ್ಟಿದ್ದರೆ ತಪ್ಪುತ್ತಿದ್ದ ತೊಡಕು.

ಹಾಗಾದರೆ ಯಾವ ಬ್ಯಾಂಕು? ಯಾವ ಖಾತೆ? ಅದಕ್ಕೆ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳೋಣ. ನಿಮ್ಮ ಹೆಸರಿನಲ್ಲಿ ಈಗಾಗಲೇ ಖಾತೆ ಇದೆಯೇ?

ಇರುವ ಸಾಧ್ಯತೆ ಬಹಳ. ಹೈಸ್ಕೂಲಿನಲ್ಲಿ ಇದ್ದಾಗ ವಿದ್ಯಾರ್ಥಿವೇತನಕ್ಕೆಂದು ಅಮ್ಮನ ಜೊತೆ ಹೋಗಿ ಖಾತೆ ತೆರೆದಿರುತ್ತೀರಿ. ಆ ಪಾಸ್‌ಬುಕ್ ಕಬ್ಬಿಣದ ಪೆಟ್ಟಿಗೆಯ ತಳದಲ್ಲಿ, ರೇಷನ್ ಕಾರ್ಡಿನ ಕೆಳಗೆ ಇರುತ್ತದೆ. ಅದನ್ನು ಹುಡುಕಿ ತೆಗೆಯಿರಿ. ಅದು ಮೈನರ್ ಖಾತೆ. ಹದಿನೆಂಟು ತುಂಬಿದ ಮೇಲೆ ಅದು ತಾನಾಗಿಯೇ ದೊಡ್ಡವರ ಖಾತೆ ಆಗುವುದಿಲ್ಲ. ನೀವು ಶಾಖೆಗೆ ಹೋಗಬೇಕು. ಹೊಸ ಫೋಟೋ, ಹೊಸ ಸಹಿ, ಕೆವೈಸಿ ಎನ್ನುವ ಗುರುತು-ವಿಳಾಸದ ಕಾಗದಗಳನ್ನು ಕೊಡಬೇಕು. ಕೊಡದಿದ್ದರೆ ಬಂದ ಹಣ ಒಳಗೇ ಉಳಿಯುತ್ತದೆ, ತೆಗೆಯಲು ಬರುವುದಿಲ್ಲ.

ಇನ್ನೂ ಹದಿನೇಳು ನಡೆಯುತ್ತಿರುವವರು ಹೆದರಬೇಕಾಗಿಲ್ಲ. ಹತ್ತು ವರ್ಷ ದಾಟಿದ ಮಕ್ಕಳು ತಾವೇ ಖಾತೆ ತೆರೆದು ತಾವೇ ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಎಷ್ಟು ಮೊತ್ತದವರೆಗೆ ಎಂಬುದನ್ನು ಆಯಾ ಬ್ಯಾಂಕು ಗೊತ್ತು ಮಾಡುತ್ತದೆ.

ಹಳೆಯ ಪಾಸ್‌ಬುಕ್ ಸಿಕ್ಕಿತು ಎಂದುಕೊಳ್ಳಿ. ಅದರ ಮುಖಪುಟದ ಮೇಲಿನ ಬ್ಯಾಂಕಿನ ಹೆಸರು ಇವತ್ತು ಇಲ್ಲದೆಯೂ ಇರಬಹುದು. ನಮ್ಮ ನಾಡು ಬ್ಯಾಂಕುಗಳ ತವರು. 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದವು. 1913ರಲ್ಲಿ ಮೈಸೂರು ಬ್ಯಾಂಕ್ ಬಂತು. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಮಂಗಳೂರಿನಲ್ಲಿ ವಿಜಯ ಬ್ಯಾಂಕ್. ದಿನಕ್ಕೆ ಎರಡಾಣೆಯಂತೆ ಮನೆ ಬಾಗಿಲಿಗೇ ಬಂದು ಉಳಿತಾಯದ ಹಣ ಪಡೆಯುತ್ತಿದ್ದ ಪಿಗ್ಮಿ ಯೋಜನೆಯನ್ನು ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲೇ ತಂದಿದ್ದರು. ಬಡವರ ಮನೆಗೆ ಬ್ಯಾಂಕನ್ನು ನಡೆಸಿಕೊಂಡು ಹೋದ ಊರುಗಳು ಇವು. ಕೆನರಾ ಬಿಟ್ಟು ಉಳಿದ ಹೆಸರುಗಳು ಮರೆಯಾದದ್ದು ನನಗೆ ಇವತ್ತಿಗೂ ಸಂಕಟ.

ಸಂಕಟ ಹಾಗಿರಲಿ. ನಿಮಗೆ ಬೇಕಾದ ವಿಷಯ ಇದು. ಮೈಸೂರು ಬ್ಯಾಂಕ್ 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ. 2025ರ ಮೇ ತಿಂಗಳಲ್ಲಿ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಅದರ ಕೇಂದ್ರ ಕಚೇರಿ ಬಳ್ಳಾರಿಯಲ್ಲಿದೆ. ಬ್ಯಾಂಕು ಬದಲಾದಾಗ ಐಎಫ್‌ಎಸ್‌ಸಿ ಎಂಬ ಹನ್ನೊಂದು ಅಕ್ಷರದ ಸಂಕೇತವೂ ಬದಲಾಗುತ್ತದೆ. ಹಳೆಯ ಪಾಸ್‌ಬುಕ್ ನೋಡಿ ಹಳೆಯ ಸಂಕೇತ ಬರೆದುಕೊಟ್ಟರೆ ಹಣ ಬರುವುದಿಲ್ಲ. ಆದ್ದರಿಂದ ಶಾಖೆಗೆ ಹೋಗಿ ಹೊಸ ಪಾಸ್‌ಬುಕ್ ಮಾಡಿಸಿಕೊಳ್ಳಿ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಮೊದಲು ಹಳೆಯ ಖಾತೆ ಹುಡುಕಿ. ಇದ್ದರೆ ಅದನ್ನೇ ನಿಮ್ಮ ಸಹಿಗೆ ತನ್ನಿ. ಇಲ್ಲದಿದ್ದರೆ ಮಾತ್ರ ಹೊಸದು.

ಈಗ ಇವತ್ತಿನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಈ ಖಾತೆಗೆ ಹಣ ಎಲ್ಲಿಂದ ಬರುತ್ತದೆ? ಅಪ್ಪ ಕಳಿಸುವುದು ಒಂದು. ವಿದ್ಯಾರ್ಥಿವೇತನ ಇನ್ನೊಂದು. ಅಪ್ಪ ಕಳಿಸುವ ಹಣ ಯಾವ ಖಾತೆಗಾದರೂ ಬರುತ್ತದೆ. ವಿದ್ಯಾರ್ಥಿವೇತನ ಹಾಗಲ್ಲ.

ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಅಲ್ಪಸಂಖ್ಯಾತರು ಎಲ್ಲರಿಗೂ ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ತಂತ್ರಾಂಶದಲ್ಲಿ ಅರ್ಜಿ ಇದೆ. ಹಾಸ್ಟೆಲ್ ಸಿಗದವರಿಗೆ ಊಟ-ವಸತಿಗೆಂದು ವಿದ್ಯಾಸಿರಿ ಇದೆ.  ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದ, ಆದಾಯ ಕಡಿಮೆಯಿರುವ ಮನೆಯ ಮಕ್ಕಳಿಗೆ ಕೇಂದ್ರ ಸರ್ಕಾರದ ಯೋಜನೆಯಲ್ಲಿ ಡಿಗ್ರಿ ಓದುವಾಗ ವರ್ಷಕ್ಕೆ 12 ಸಾವಿರ ರೂಪಾಯಿ. ಇಂಥ ಹಣ ನಿಮ್ಮ ಆಧಾರ್ ಸಂಖ್ಯೆಯನ್ನು ಹಿಡಿದುಕೊಂಡು ಬರುತ್ತದೆ. ಅರ್ಜಿಯಲ್ಲಿ ನೀವು ಯಾವ ಖಾತೆ ಸಂಖ್ಯೆ ಬರೆದಿರಿ ಎಂಬುದಕ್ಕಿಂತ, ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದೇ ಇಲ್ಲಿ ಮುಖ್ಯ. ಇದಕ್ಕೆ ಬ್ಯಾಂಕಿನವರು ಆಧಾರ್ ಸೀಡಿಂಗ್ ಎನ್ನುತ್ತಾರೆ.

ಇದನ್ನು ಸ್ವಲ್ಪ ನಿಧಾನವಾಗಿ ಕೇಳಿ. ನೂರಕ್ಕೆ ಎಂಬತ್ತು ತೊಡಕು ಇಲ್ಲೇ ಇರುತ್ತದೆ ಎಂಬುದು ನನ್ನ ಅಂದಾಜು. ಖಾತೆ ತೆರೆಯುವಾಗ ಆಧಾರ್ ಕಾರ್ಡಿನ ಪ್ರತಿ ಕೊಡುತ್ತೀರಿ. ಅದು ನೀವು ಯಾರು ಎಂಬುದಕ್ಕೆ ಪುರಾವೆ, ಅಷ್ಟೇ. ಅದನ್ನು ಕೊಟ್ಟ ಮಾತ್ರಕ್ಕೆ ಸರ್ಕಾರದ ಹಣ ಆ ಖಾತೆಗೆ ಬರುವುದಿಲ್ಲ. ಸರ್ಕಾರದ ಸಹಾಯಧನ ಈ ಖಾತೆಗೇ ಬರಲಿ ಎಂದು ನೀವು ಬೇರೆಯಾಗಿ ಒಪ್ಪಿಗೆ ಕೊಡಬೇಕು. ಆ ಒಪ್ಪಿಗೆಯನ್ನು ಬ್ಯಾಂಕಿನವರು ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಗೆ ಏರಿಸುತ್ತಾರೆ. ಆ ಪಟ್ಟಿಯಲ್ಲಿ ಒಬ್ಬರ ಆಧಾರ್ ಎದುರಿಗೆ ಒಂದೇ ಬ್ಯಾಂಕಿನ ಹೆಸರು ಇರುತ್ತದೆ. ಕೊನೆಗೆ ಯಾವ ಬ್ಯಾಂಕಿಗೆ ಒಪ್ಪಿಗೆ ಕೊಟ್ಟಿರೋ ಆ ಬ್ಯಾಂಕು. ಅಂಚೆಯವನಿಗೆ ಹೊಸ ವಿಳಾಸ ಬರೆದುಕೊಟ್ಟರೆ ಮುಂದಿನ ಕಾಗದವೆಲ್ಲ ಅಲ್ಲಿಗೇ ಹೋಗುತ್ತದಲ್ಲ, ಹಾಗೆ.

ಹೀಗಾಗಿ ಏನಾಗುತ್ತದೆ ಕೇಳಿ. ಒಬ್ಬ ಹುಡುಗಿಗೆ ಊರಿನಲ್ಲಿ ಒಳ್ಳೆಯ ಖಾತೆ ಇದೆ. ಸೀಡಿಂಗ್ ಕೂಡ ಆಗಿದೆ. ಕಾಲೇಜು ಸೇರಿದ ಮೊದಲ ವಾರ ಆವರಣದಲ್ಲಿ ಒಂದು ಮೇಜು ಹಾಕಿರುತ್ತಾರೆ. ಐದು ನಿಮಿಷದಲ್ಲಿ ಖಾತೆ, ಜೊತೆಗೊಂದು ಬ್ಯಾಗು. ಗೆಳತಿಯರೆಲ್ಲ ಮಾಡಿಸುತ್ತಾರೆ, ಇವಳೂ ಮಾಡಿಸುತ್ತಾಳೆ. ಫೋನಿನ ಪರದೆಯ ಮೇಲೆ ಒಂದು ಸಾಲು ಬರುತ್ತದೆ. ಸರ್ಕಾರದ ಸಹಾಯಧನವನ್ನು ಈ ಖಾತೆಗೆ ಪಡೆಯಲು ಒಪ್ಪಿದ್ದೇನೆ ಎಂದು ಅದರಲ್ಲಿರುತ್ತದೆ. ಪಕ್ಕದ ಪುಟ್ಟ ಚೌಕದಲ್ಲಿ ಗುರುತು ಬಿದ್ದುಬಿಡುತ್ತದೆ. ಆರು ತಿಂಗಳ ನಂತರ ಆ ಹೊಸ ಖಾತೆಯನ್ನು ಇವಳು ಮರೆತಿರುತ್ತಾಳೆ. ಸ್ಕಾಲರ್‌ಶಿಪ್ ಹಣ ಅಲ್ಲಿಗೆ ಹೋಗಿ ಕೂತಿರುತ್ತದೆ. ಇವಳು ಊರಿನ ಬ್ಯಾಂಕಿಗೂ ಕಾಲೇಜಿನ ಆಫೀಸಿಗೂ ಅಲೆಯುತ್ತಿರುತ್ತಾಳೆ.

ನಿಮ್ಮ ಆಧಾರ್ ಈಗ ಯಾವ ಬ್ಯಾಂಕಿಗೆ ಸೇರಿದೆ ಎಂದು ತಿಳಿಯುವುದು ಕಷ್ಟವಲ್ಲ. ಆಧಾರ್ ಪ್ರಾಧಿಕಾರದ ಮೈಆಧಾರ್ ತಾಣಕ್ಕೆ ಹೋಗಿ. ಫೋನಿಗೆ ಒಟಿಪಿ ಬರುತ್ತದೆ. ಒಳಗೆ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಎಂಬ ಜಾಗವಿದೆ. ಬ್ಯಾಂಕಿನ ಹೆಸರು ತೋರಿಸುತ್ತದೆ, ಜೋಡಣೆ ಚಾಲ್ತಿಯಲ್ಲಿದೆಯೋ ಇಲ್ಲವೋ ಹೇಳುತ್ತದೆ. ಫೋನ್ ಇಲ್ಲದವರು ಗ್ರಾಮ ಒನ್ ಕೇಂದ್ರದಲ್ಲಿ ಅಥವಾ ಬ್ಯಾಂಕಿನಲ್ಲೇ ವಿಚಾರಿಸಬಹುದು.

ಇದರ ಜೊತೆಗೇ ಹೆಸರಿನ ಮಾತು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಮಂಜುನಾಥ ಬಿ. ಎಂದಿರುತ್ತದೆ. ಆಧಾರ್‌ನಲ್ಲಿ ಮಂಜುನಾಥ ಬಸಪ್ಪ. ಬ್ಯಾಂಕಿನಲ್ಲಿ ಬಿ. ಮಂಜು. ಮನೆಯವರಿಗೆ ಮೂರೂ ಒಬ್ಬನೇ ಹುಡುಗ. ಕಂಪ್ಯೂಟರಿಗೆ ಮೂವರು. ಇನಿಷಿಯಲ್ ಹಿಂದೆ ಮುಂದೆ ಆದರೂ ಅರ್ಜಿ ನಿಂತುಹೋಗುತ್ತದೆ. ಅಂಕಪಟ್ಟಿಯನ್ನು ತಿದ್ದಿಸುವುದು ದೊಡ್ಡ ಕೆಲಸ. ಆದ್ದರಿಂದ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೆ ಆಧಾರ್ ತಿದ್ದಿಸಿ. ಆಧಾರ್‌ನಲ್ಲಿ ಇರುವಂತೆಯೇ ಬ್ಯಾಂಕಿನಲ್ಲಿ ಬರೆಸಿ. ಈ ಕ್ರಮದಲ್ಲೇ ಮಾಡಿ.

ಮತ್ತೊಮ್ಮೆ ಹೇಳುತ್ತೇನೆ. ಖಾತೆ ನಿಮ್ಮ ಸಹಿಯಲ್ಲಿರಲಿ. ಆಧಾರ್ ಆ ಖಾತೆಗೇ ಸೇರಿರಲಿ. ಹೆಸರು ಎಲ್ಲೆಡೆ ಒಂದೇ ರೀತಿ ಇರಲಿ. ಇಷ್ಟಾದ ಮೇಲೆ ಖರ್ಚಿನ ಮಾತು.

ಬ್ಯಾಂಕು ನಿಮ್ಮ ಹಣಕ್ಕೆ ಬಡ್ಡಿ ಕೊಡುತ್ತದೆ. ಉಳಿತಾಯ ಖಾತೆಗೆ ಈಗ ನೂರಕ್ಕೆ ಎರಡೂವರೆ, ಮೂರು ರೂಪಾಯಿಯ ಆಸುಪಾಸು. ಖಾತೆಯಲ್ಲಿ ಐದು ಸಾವಿರ ಇಟ್ಟವರಿಗೆ ವರ್ಷಕ್ಕೆ ನೂರೈವತ್ತು ರೂಪಾಯಿ ಸಹ ಬರುವುದು ಕಷ್ಟ. ಆದ್ದರಿಂದ ವಿದ್ಯಾರ್ಥಿಗಳು ಬಡ್ಡಿ ನೋಡಿ ಬ್ಯಾಂಕು ಆರಿಸಬೇಕಾಗಿಲ್ಲ. ಎಷ್ಟು ಕೊಡುತ್ತಾರೆ ಎಂಬುದಕ್ಕಿಂತ ಎಷ್ಟು ಕತ್ತರಿಸುತ್ತಾರೆ ಎಂದು ಕೇಳಿ.

ಕತ್ತರಿಸುವುದರಲ್ಲಿ ದೊಡ್ಡದು ಮಿನಿಮಮ್ ಬ್ಯಾಲೆನ್ಸ್ ದಂಡ. ಖಾತೆಯಲ್ಲಿ ಕನಿಷ್ಠ ಇಷ್ಟು ಹಣ ಇರಲೇಬೇಕು ಎಂಬ ನಿಯಮ. ನಗರದ ಶಾಖೆಗಳಲ್ಲಿ ಹತ್ತು ಸಾವಿರದಷ್ಟು ಕೇಳುವ ಖಾಸಗಿ ಬ್ಯಾಂಕುಗಳಿವೆ. ಕೂಲಿ ಮಾಡಿ ಮಗನನ್ನು ಓದಿಸುವ ಮನೆ ಅಷ್ಟು ಹಣವನ್ನು ಎಲ್ಲಿಂದ ತಂದು ಇಡಬೇಕು? ಸ್ಟೇಟ್ ಬ್ಯಾಂಕ್ 2020ರಲ್ಲೇ ಈ ದಂಡ ಕೈಬಿಟ್ಟಿತು. ಕೆನರಾ ಬ್ಯಾಂಕ್ 2025ರ ಜೂನ್‌ನಿಂದ ಬಿಟ್ಟಿತು. ಬೇರೆ ಕೆಲವು ಸರ್ಕಾರಿ ಬ್ಯಾಂಕುಗಳೂ ಅದೇ ದಾರಿ ಹಿಡಿದಿವೆ. ಸರ್ಕಾರಿ ಬ್ಯಾಂಕಿನಲ್ಲಿ ಖಾತೆ ತೆರೆಯಿರಿ ಎಂದು ನಾನು ಹೇಳಲು ಇದೂ ಒಂದು ಕಾರಣ.

ಯಾವ ಬ್ಯಾಂಕಿಗೆ ಹೋದರೂ ಕೇಳಿ ಪಡೆಯಬಹುದಾದ ಇನ್ನೊಂದು ಖಾತೆ ಇದೆ. ಅದು ಮೂಲ ಉಳಿತಾಯ ಖಾತೆ. ಜನಧನ ಖಾತೆಯೂ ಈ ಬಗೆಯದೇ. ಒಂದು ರೂಪಾಯಿ ಇಲ್ಲದಿದ್ದರೂ ದಂಡವಿಲ್ಲ. ಎಟಿಎಂ ಕಾರ್ಡಿಗೆ ಹಣ ಕೊಡಬೇಕಾಗಿಲ್ಲ. ತಿಂಗಳಿಗೆ ಕನಿಷ್ಠ ನಾಲ್ಕು ಸಲ ಉಚಿತವಾಗಿ ಹಣ ತೆಗೆಯಬಹುದು. ಈ ಖಾತೆ ಪಡೆದವರು ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವಂತಿಲ್ಲ ಎಂಬುದನ್ನು ಮಾತ್ರ ನೆನಪಿಡಿ. ಇದನ್ನು ಕೊಡುವುದು ಬ್ಯಾಂಕಿನ ಕರ್ತವ್ಯ. ಕೇಳಲು ಸಂಕೋಚ ಬೇಡ.

ಸಾಮಾನ್ಯ ಖಾತೆಯಾದರೆ ಎಟಿಎಂ ಕಾರ್ಡಿಗೆ ವರ್ಷಕ್ಕೆ ನೂರರಿಂದ ಮುನ್ನೂರರವರೆಗೆ ಹೋಗಬಹುದು. ಅತಿ ಸರಳವಾದ ರುಪೇ ಕಾರ್ಡ್ ಸಾಕು ಎಂದು ಹೇಳಿ. ನಿಮ್ಮ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಐದು ಸಲ ಉಚಿತ. ಬೇರೆ ಬ್ಯಾಂಕಿನದಾದರೆ ಬೆಂಗಳೂರಿನಲ್ಲಿ ಮೂರು ಸಲ, ಬೇರೆ ಊರುಗಳಲ್ಲಿ ಐದು ಸಲ. ಆಮೇಲೆ ಪ್ರತಿ ಸಲಕ್ಕೆ 23 ರೂಪಾಯಿಯವರೆಗೆ ಮತ್ತು ತೆರಿಗೆ. ಬ್ಯಾಲೆನ್ಸ್ ನೋಡಿದ್ದೂ ಲೆಕ್ಕಕ್ಕೆ ಬರುತ್ತದೆ.

ಪಾಸ್‌ಬುಕ್ಕಿನಲ್ಲಿ ಮೇ ತಿಂಗಳ ಕೊನೆಯ ವಾರದ ಸಾಲುಗಳನ್ನು ನೋಡಿ. 436 ರೂಪಾಯಿ ಕಡಿತ. 20 ರೂಪಾಯಿ ಕಡಿತ. ಯಾರೋ ಕದ್ದರು ಎಂದು ಮಕ್ಕಳು ಗಾಬರಿಯಾಗಿ ಓಡಿ ಬರುತ್ತಾರೆ. ಅವು ಎರಡು ಸರ್ಕಾರಿ ವಿಮೆಗಳ ವರ್ಷದ ಕಂತು. 436 ಜೀವನ್ ಜ್ಯೋತಿ, 20 ಸುರಕ್ಷಾ ಬಿಮಾ. ಎರಡೂ ಒಳ್ಳೆಯ ಯೋಜನೆಗಳೇ. ಇಪ್ಪತ್ತು ರೂಪಾಯಿಗೆ ಎರಡು ಲಕ್ಷದ ಅಪಘಾತ ವಿಮೆ ಬೇರೆಲ್ಲಿ ಸಿಗುತ್ತದೆ? ಆದರೆ ಅವು ನೀವು ತಿಳಿದು ಒಪ್ಪಿ ಸೇರಬೇಕಾದವು. ಖಾತೆ ತೆರೆಯುವ ದಿನ ಐದಾರು ಕಾಗದಗಳಿಗೆ ಒಟ್ಟಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಒಂದೊಂದನ್ನೂ ಓದಿ. ಬೇರೆ ದೊಡ್ಡ ವಿಮೆಯ ಕಾಗದ ಮುಂದೆ ಬಂದರೆ ಬೇಡ ಎನ್ನಿ. ವಿಮೆ ಮಾಡಿಸಿದರೇ ಖಾತೆ ಎಂದು ಯಾರೂ ಹೇಳುವಂತಿಲ್ಲ. ಫಾರಂ ಕನ್ನಡದಲ್ಲಿ ಬೇಕೆಂದು ಕೇಳಿ. ಗ್ರಾಹಕರಿಗೆ ಅವರ ಭಾಷೆಯಲ್ಲಿ ಫಾರಂ ಸಿಗಬೇಕು ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ಸಹಿ ಹಾಕುವವರಿಗೆ ಅರ್ಥವಾಗದ ಕಾಗದದ ಮೇಲೆ ಸಹಿ ಪಡೆಯುವುದು ಅನ್ಯಾಯ.

ಖರ್ಚಿನ ಮಾತು ಮುಗಿಯಿತು. ಮಿನಿಮಮ್ ಬ್ಯಾಲೆನ್ಸ್ ದಂಡವಿಲ್ಲದ ಖಾತೆ, ಸರಳ ಕಾರ್ಡು, ಓದಿ ಹಾಕಿದ ಸಹಿ. ಈಗ ಬಹಳ ಜನ ಕೇಳುವ ಪ್ರಶ್ನೆ. ಖಾತೆ ಊರಿನಲ್ಲೋ, ಕಾಲೇಜಿರುವ ಪಟ್ಟಣದಲ್ಲೋ?

ಊರಿನಲ್ಲಿ ಎಂದೇ ನನ್ನ ಉತ್ತರ. ಹೊರಡುವ ಮೊದಲೇ ತೆರೆಯಿರಿ. ಕಾಗದಪತ್ರವೆಲ್ಲ ಮನೆಯಲ್ಲೇ ಇರುತ್ತದೆ. ಒಂದು ಕಾಗದ ಸಾಲದಿದ್ದರೆ ಮರುದಿನ ತಂದು ಕೊಡಬಹುದು. ಧಾರವಾಡದ ಹಾಸ್ಟೆಲಿನಲ್ಲಿ ಇರುವವರು ಸಿಂದಗಿಯಿಂದ ಕಾಗದ ತರಿಸುವ ಹೊತ್ತಿಗೆ ಅರ್ಜಿಯ ಕೊನೆಯ ದಿನಾಂಕ ಕಳೆದಿರುತ್ತದೆ. ಇನ್ನೂ ಒಂದು ಕಾರಣ. ಫೋನಿನಲ್ಲಿ ಹಣ ಕಳಿಸಲು ಬಾರದ ಅಮ್ಮ ಊರಿನ ಶಾಖೆಯಲ್ಲೋ ಬ್ಯಾಂಕ್ ಮಿತ್ರರ ಹತ್ತಿರವೋ ಹಣ ಕಟ್ಟಿದರೆ ಸಾಕು. ಅತ್ತ ಮಗಳು ಎಟಿಎಂನಲ್ಲಿ ತೆಗೆದುಕೊಳ್ಳುತ್ತಾಳೆ. ಹಾಗಾಗಿ ಎರಡೂ ಊರುಗಳಲ್ಲಿ ಶಾಖೆ ಇರುವ ಬ್ಯಾಂಕನ್ನೇ ಆರಿಸಿ. ಮುಂದೆ ಬೇಕೆನಿಸಿದರೆ ಖಾತೆಯನ್ನು ಕಾಲೇಜಿನ ಊರಿನ ಶಾಖೆಗೆ ವರ್ಗಾಯಿಸಬಹುದು. ಸಂಖ್ಯೆ ಬದಲಾಗುತ್ತದೆಯೇ ಎಂದು ಮೊದಲು ವಿಚಾರಿಸಿ.

ಊರಿನಲ್ಲಿ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಇರುತ್ತವೆ. ಸಾಲ ಸೋಲಕ್ಕೆ ಅವು ಜನರ ನೆರವಿಗೆ ನಿಂತಿವೆ. ಆದರೆ ಅವು ಬ್ಯಾಂಕುಗಳಲ್ಲ. ಬ್ಯಾಂಕಿನಲ್ಲಿ ಒಬ್ಬರ ಐದು ಲಕ್ಷದವರೆಗಿನ ಠೇವಣಿಗೆ ವಿಮೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಇದೆ. ಈ ಸಂಘಗಳಿಗೆ ಅದು ಇಲ್ಲ. ವಿದ್ಯಾರ್ಥಿಯ ಖಾತೆ ಬ್ಯಾಂಕಿನಲ್ಲೇ ಇರಲಿ.

ಫೋನ್ ನಂಬರಿನ ವಿಷಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅನೇಕ ಮಕ್ಕಳ ಖಾತೆಗೆ ಅಪ್ಪನ ನಂಬರು ಕೊಟ್ಟಿರುತ್ತಾರೆ. ಮಗ ಮೈಸೂರಿನಲ್ಲಿ, ಒಟಿಪಿ ಊರಿನ ಹೊಲದಲ್ಲಿ. ಫೋನ್‌ಪೇ, ಗೂಗಲ್ ಪೇ ನಡೆಯಬೇಕಾದರೆ ಬ್ಯಾಂಕಿಗೆ ಕೊಟ್ಟ ಸಿಮ್ ನಿಮ್ಮ ಫೋನಿನಲ್ಲೇ ಇರಬೇಕು. ನಿಮ್ಮದೇ ನಂಬರು ಕೊಡಿ. ಆಧಾರ್‌ಗೂ ಅದನ್ನೇ ಕೊಡಿ. ಆ ನಂಬರಿನ ರೀಚಾರ್ಜ್ ನಿಲ್ಲಿಸಬೇಡಿ. ಬಳಸದೆ ಬಿಟ್ಟ ನಂಬರು ಕೆಲವು ತಿಂಗಳ ಮೇಲೆ ಬೇರೆಯವರಿಗೆ ಹೋಗುತ್ತದೆ.

ಖಾತೆ ಆರಿಸಿದ್ದಾಯಿತು. ಅದನ್ನು ಕಾಯುವುದರ ಬಗ್ಗೆ ಒಂದೇ ಮಾತು. ದಯವಿಟ್ಟು ಗಮನವಿಟ್ಟು ಕೇಳಿ.

ಹಾಸ್ಟೆಲಿನಲ್ಲಿ, ಪಿಜಿಯಲ್ಲಿ ಯಾರೋ ಪರಿಚಯದವರು ಬರುತ್ತಾರೆ. ನಿನ್ನ ಅಕೌಂಟಿಗೆ ಸ್ವಲ್ಪ ಹಣ ಬರುತ್ತೆ, ತೆಗೆದುಕೊಡು, ನಿನಗೆ ಎರಡು ಸಾವಿರ ಎನ್ನುತ್ತಾರೆ. ಇಲ್ಲವೇ ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ ಮೂರನ್ನೂ ಕೊಡು, ತಿಂಗಳಿಗಿಷ್ಟು ಬಾಡಿಗೆ ಎನ್ನುತ್ತಾರೆ. ಆ ಹಣ ಎಲ್ಲೋ ಒಬ್ಬ ನಿವೃತ್ತರಿಂದ, ಒಬ್ಬ ಗೃಹಿಣಿಯಿಂದ ಮೋಸ ಮಾಡಿ ಕಿತ್ತುಕೊಂಡದ್ದು. ಪೊಲೀಸರು ಜಾಡು ಹಿಡಿದು ಬಂದಾಗ ಸಿಗುವ ಮೊದಲ ಹೆಸರು ಖಾತೆದಾರನದು. ಮೋಸಗಾರ ಎಲ್ಲಿದ್ದಾನೋ ಯಾರಿಗೂ ಗೊತ್ತಿರುವುದಿಲ್ಲ. ಹತ್ತೊಂಬತ್ತು ವರ್ಷದ ಹುಡುಗನ ಮೇಲೆ ಕೇಸು ಬೀಳುತ್ತದೆ. ಖಾತೆ ಸ್ಥಗಿತವಾಗುತ್ತದೆ, ಅದರೊಳಗಿನ ಸ್ಕಾಲರ್‌ಶಿಪ್ ಸಿಕ್ಕಿಹಾಕಿಕೊಳ್ಳುತ್ತದೆ. ಗೆಳೆಯನಿಗಾಗಲಿ, ಸೀನಿಯರ್‌ಗಾಗಲಿ ಖಾತೆ ಕೊಡಬೇಡಿ. ಗೊತ್ತಿಲ್ಲದ ಹಣ ಬಂದರೆ ಮುಟ್ಟಬೇಡಿ, ಬ್ಯಾಂಕಿಗೆ ತಿಳಿಸಿ. ನಿಮ್ಮ ಹಣವೇ ಮೋಸದಿಂದ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಬ್ಯಾಂಕಿನಿಂದಲೇ ತೊಂದರೆಯಾದರೆ ಮೊದಲು ಶಾಖೆಗೆ ಬರಹದಲ್ಲಿ ದೂರು ಕೊಡಿ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಶುಲ್ಕವಿಲ್ಲ. ಮಾಹಿತಿಗೆ 14448 ಎಂಬ ನಂಬರಿದೆ.

ತಂದೆ ತಾಯಿಯರಲ್ಲಿ ನನ್ನದೊಂದು ಕೋರಿಕೆ. ಬ್ಯಾಂಕಿಗೆ ನೀವೂ ಹೋಗಿ. ಆದರೆ ಫಾರಂ ತುಂಬುವುದನ್ನು ಮಗನಿಗೆ, ಮಗಳಿಗೆ ಬಿಡಿ. ಪ್ರಶ್ನೆಗಳನ್ನೂ ಅವರೇ ಕೇಳಲಿ. ಕಾಲೇಜಿನ ಪ್ರಾಂಶುಪಾಲರಲ್ಲಿ ಮತ್ತು ಬ್ಯಾಂಕಿನ ವ್ಯವಸ್ಥಾಪಕರಲ್ಲಿ ಇನ್ನೊಂದು ಕೋರಿಕೆ. ದಾಖಲಾತಿಯ ವಾರದಲ್ಲಿ ಒಂದು ದಿನ ಕಾಲೇಜಿನಲ್ಲೇ ಕೂತು ಮಕ್ಕಳ ಆಧಾರ್ ಸೀಡಿಂಗ್ ನೋಡಿಕೊಡಿ.

ವಿದ್ಯಾರ್ಥಿಗಳೇ, ಹೋಗುವಾಗ ಆಧಾರ್ ಕಾರ್ಡು, ಹತ್ತನೇ ತರಗತಿಯ ಅಂಕಪಟ್ಟಿ, ಎರಡು ಫೋಟೋ, ಹಳೆಯ ಪಾಸ್‌ಬುಕ್, ನಿಮ್ಮ ಸಿಮ್ ಇರುವ ಫೋನು ಜೊತೆಗಿರಲಿ. ಪ್ಯಾನ್ ಕಾರ್ಡ್ ಇಲ್ಲದಿದ್ದರೆ ಅದರ ಬದಲು ಒಂದು ಘೋಷಣಾ ಪತ್ರ ತುಂಬಿಕೊಟ್ಟರೆ ನಡೆಯುತ್ತದೆ. ಸೀಡಿಂಗ್ ಒಪ್ಪಿಗೆಯ ಫಾರಂ ಕೊಟ್ಟಾಗ ಅದರ ಸ್ವೀಕೃತಿಗೆ ಶಾಖೆಯ ಮೊಹರು ಹಾಕಿಸಿಕೊಳ್ಳಿ. ಒಂದು ವಾರ ಬಿಟ್ಟು ಸ್ಟೇಟಸ್ ನೋಡಿ. ಅದರಲ್ಲಿ ನಿಮ್ಮ ಬ್ಯಾಂಕಿನ ಹೆಸರು ಬಂದ ಮೇಲೆಯೇ ಸ್ಕಾಲರ್‌ಶಿಪ್ ಅರ್ಜಿ ಹಾಕಿ.